ನಮ್ಮ ಟೈಪಿಂಗ್ ಅಂಗಡಿಗೆ ಲಿನಕ್ಸ್ ಬಂದದ್ದು

ಕಂಪ್ಯೂಟರ್ ಮುಂದೆ ಕೂತವನ ಮರ್ಯಾದೆ ಹೋಗುವುದಕ್ಕೆ ಮುಹೂರ್ತ ಬೇಕಿಲ್ಲ. ಹಲಸೂರಿನ ನನ್ನ ಟೈಪಿಂಗ್ ಅಂಗಡಿಯಲ್ಲಿ ಅದು ವಾರಕ್ಕೊಮ್ಮೆಯಾದರೂ ಹೋಗುತ್ತದೆ. ಇಪ್ಪತ್ತು ವರ್ಷ ವಿಂಡೋಸ್‌ನಲ್ಲೇ ಬಾಡಿಗೆ ಕರಾರು, ಅಫಿಡವಿಟ್ ಟೈಪ್ ಮಾಡಿದವನು ನಾನು. ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಿಡಿಸುವುದಿಲ್ಲ ಎಂದು ಗೊತ್ತಾದಾಗ, ಇದನ್ನು ಗುಜರಿಗೆ ಹಾಕುವುದಿಲ್ಲ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಯೇ ಅಂಗಡಿ ನಡೆಸುತ್ತೇನೆ ಎಂದು ಹಠ ತೊಟ್ಟೆ.

"ಒಬ್ಬ ಗಿರಾಕಿ ವಾಪಸ್ ಹೋದ್ರೂ ಹೊಸ ಕಂಪ್ಯೂಟರ್ ತರ್ಬೇಕು" ಎಂದಳು ಹೆಂಡತಿ. ಒಪ್ಪಿಕೊಂಡೆ.

ಮೂರು ಕೀಬೋರ್ಡು

ಪ್ರಿಂಟರ್ ಜೋಡಿಸಲು ಹೋದರೆ ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ಒತ್ತಿದೆ. ವಿಂಡೋಸ್‌ನಲ್ಲಿ ಅಕ್ಷರಕ್ಕೊಂದರಂತೆ ಮೂಡುವ ಚುಕ್ಕಿ ಇಲ್ಲಿ ಒಂದೂ ಮೂಡಲಿಲ್ಲ. ಕೀಬೋರ್ಡ್ ಕೈಕೊಟ್ಟಿತೆಂದು ಶಿವಾಜಿನಗರದಿಂದ ಹೊಸದು ತಂದೆ. ಅದೂ ಅಷ್ಟೇ. ಮತ್ತೆ ಹೋದಾಗ ಅಂಗಡಿಯವರು, "ಕ್ಯಾ ಭಾಯ್, ಕೀಬೋರ್ಡ್ ಮೇಲೆ ಬಿರಿಯಾನಿ ತಿಂತೀರಾ?" ಅಂದರು.

ಮೂರನೆಯದರಲ್ಲೂ ಪಾಸ್‌ವರ್ಡ್ ಒತ್ತಿ, ಚುಕ್ಕಿ ಬರಲೆಂದು ಕಾಯುತ್ತ ಕೂತಿದ್ದೆ. ಹೆಂಡತಿ ಬಂದು ಎಂಟರ್ ಒತ್ತಿದಳು. ಪ್ರಿಂಟರ್ ಗುರ್ರೆಂದು ಎದ್ದಿತು.

"ಪಾಸ್‌ವರ್ಡ್ ಯಾರಿಗೂ ಕಾಣಬಾರ್ದು ತಾನೇ? ನಿಮಗೂ ತೋರಿಸ್ಲಿಲ್ಲ, ಅಷ್ಟೇ ರೀ."

ರಿಫ್ರೆಶ್ ಆಚಾರ

ಕಂಪ್ಯೂಟರ್ ಆನ್ ಆದೊಡನೆ ರೈಟ್ ಕ್ಲಿಕ್ ಮಾಡಿ ನಾಲ್ಕು ಸಲ ರಿಫ್ರೆಶ್ ಒತ್ತುವುದು ನಮ್ಮವರ ಆಚಾರ. ಯಾಕೆಂದು ಯಾರಿಗೂ ಗೊತ್ತಿಲ್ಲ. ಒತ್ತದಿದ್ದರೆ ಕೈ ತೊಳೆಯದೆ ಊಟಕ್ಕೆ ಕೂತಂತೆ. ನನ್ನ ಲಿನಕ್ಸ್‌ನ ಪಟ್ಟಿಯಲ್ಲಿ ರಿಫ್ರೆಶ್ಶೇ ಇಲ್ಲ!

ಅರ್ಜಿ ಟೈಪ್ ಮಾಡಿಸಲು ಕಾಕ್ಸ್ ಟೌನಿನಿಂದ ಬಂದ ನಿವೃತ್ತ ಟೀಚರಮ್ಮ, "ಏನಪ್ಪ, ರಿಫ್ರೆಶ್ ಮಾಡ್ದೆ ಶುರು ಮಾಡ್ಬಿಟ್ಟೆ?" ಎಂದು ಎದ್ದೇಬಿಟ್ಟರು. ಇವರು ಹೋದರೆ ನನ್ನ ಹಠವೂ ಹೋದಂತೆ. ತಕ್ಷಣ ಒಂದು ಖಾಲಿ ಫೋಲ್ಡರನ್ನು ನಾಲ್ಕು ಸಲ ತೆರೆದು ಮುಚ್ಚಿದೆ.

"ಹಾಂ, ಈಗ ನೋಡು ಎಷ್ಟು ಫ್ರೆಶ್ ಆಯ್ತು" ಎಂದು ಕೂತರು.

ವಕೀಲರ ತೀರ್ಪು

ಅಂಗಡಿಯ ಅರ್ಧ ಕೆಲಸ ತರುವವರು ಇಂದಿರಾನಗರದ ಒಬ್ಬ ವಕೀಲರು. ಲಿನಕ್ಸ್ ವಿಷಯ ಯಾರೋ ಅವರ ಕಿವಿಗೆ ಹಾಕಿದರು.

"ಪುಕ್ಕಟೆ ಸಿಗೋದ್ರಲ್ಲಿ ನನ್ನ ಕರಾರು ಟೈಪ್ ಮಾಡ್ಬೇಡಿ. ನಾಳೆಯೊಳಗೆ ಹಳೇ ವಿಂಡೋಸ್ ಬರ್ಬೇಕು, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೆಂಡತಿ ಆಗಲೇ ಹೊಸ ಕಂಪ್ಯೂಟರಿಗೆ ಮೇಜು ಒರೆಸತೊಡಗಿದ್ದಳು. ಆದರೂ ಬಗ್ಗಲಿಲ್ಲ. ಪರದೆಗೆ ಹಳೇ ವಿಂಡೋಸ್‌ನ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಅಂಟಿಸಿದೆ. ಬೇರೇನೂ ಮುಟ್ಟಲಿಲ್ಲ.

ಮರುದಿನ ಗುಡ್ಡ ನೋಡಿದ್ದೇ ವಕೀಲರ ಮುಖ ಅರಳಿತು. ಕರಾರು ಸರಸರ ಅಚ್ಚಾಯಿತು.

"ನೋಡಿದ್ರಾ ಸ್ಪೀಡು! ಲಿನಕ್ಸ್‌ನಲ್ಲಿ ಹೀಗೆ ಬರ್ತಿತ್ತಾ?"

"ಹೀಗೇ ಬರ್ತಿತ್ತು ಸಾರ್."

"ಸುಮ್ನಿರ್ರೀ!" ಎಂದು ಗದರಿ, ನನ್ನ ಲಿನಕ್ಸ್ ಮೇಲೇ ಕೈಯೂರಿಕೊಂಡು, ಜೊತೆಗೆ ಬಂದಿದ್ದ ಕಕ್ಷಿದಾರನಿಗೆ ಲಿನಕ್ಸ್‌ನ ದೋಷಗಳನ್ನು ಹತ್ತು ನಿಮಿಷ ವಿವರಿಸಿದರು.

ಅವರು ಹೋದ ಮೇಲೆ ಹೆಂಡತಿ, "ಪೂರ್ತಿ ನಿಜ ಹೇಳ್ಬಾರ್ದಿತ್ತೇನ್ರೀ?" ಎಂದಳು.

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಮೇಲೊಂದು ಮಾತು ಬೇಡ ಅಂತ ಸಾಕ್ಷಿಗಳಿಗೆ ದಿನಾ ಹೇಳ್ಕೊಡೋದು ಅವರೇ ಕಣೇ!"