ಸಾವಕಾಶ ಹೋಗಬಾರದ ಗಾಡಿ

ನಮ್ಮ ಕಾಕಾ ಜನ್ಮದಲ್ಲಿ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೂ ವಿಮಾನದ ವೇಗದ ವಿಷಯದಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಸೇಡಂನ ಅರ್ಧ ಊರು ನಂಬಿದೆ. ಉಳಿದರ್ಧ ಊರು ಇನ್ನೂ ಅವರ ಕೈಗೆ ಸಿಕ್ಕಿಲ್ಲ, ಅಷ್ಟೇ!

ಕಾಕಾ ಸೇಡಂ–ಚಿಂಚೋಳಿ ದಾರಿಯಲ್ಲಿ ಒಬ್ಬ ಸಾವುಕಾರರ ಹಳೇ ಬಸ್ಸು ಓಡಿಸಿದವರು. ಆ ಬಸ್ಸಿನ ಮೀಟರಿನ ಮುಳ್ಳು ನಲವತ್ತರ ಮೇಲೆ ನಿಂತುಬಿಟ್ಟಿತ್ತು. ಬಸ್ಸು ಓಡಿದರೂ ನಲವತ್ತು, ಸುಲೇಪೇಟದಲ್ಲಿ ಚಹಾಕ್ಕೆ ನಿಂತರೂ ನಲವತ್ತು. ಯಾರಾದರೂ ಗಾಬರಿಯಾಗಿ ಕೇಳಿದರೆ, "ಮುಳ್ಳಿನ ಮಾತು ಮುಳ್ಳಿಗಿ, ಗಾಡಿ ಮಾತು ಗಾಡಿಗಿ. ನೀವು ಹೊರಗಿನ ಕಲ್ಲು ನೋಡ್ರಿ" ಎನ್ನುತ್ತಿದ್ದರು. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಕೈಗಡಿಯಾರ ನೋಡಿ ವೇಗದ ಲೆಕ್ಕ ಹಾಕುವುದು ಅವರ ಪದ್ಧತಿ. ಎತ್ತಿನಗಾಡಿಗಳು ಅವರ ಬಸ್ಸನ್ನು ಹಿಂದೆ ಹಾಕುತ್ತಿದ್ದವು ಎಂಬುದು ಶುದ್ಧ ಸುಳ್ಳು. ಒಂದೇ ಒಂದು ಹಾಕಿತ್ತು, ಅದೂ ಇಳಿಜಾರಿನಲ್ಲಿ.

ಈ ನಿಧಾನಕ್ಕೆ ಕಾರಣವಿತ್ತು. ಅವರ ಅಣ್ಣ, ಅಂದರೆ ನನ್ನ ಅಪ್ಪ, ಶಹಾಬಾದ ರಸ್ತೆಯಲ್ಲಿ ಮೋಟರ್‌ಸೈಕಲ್ ಜೋರು ಬಿಟ್ಟು ಬಿದ್ದು ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಂದಿನಿಂದ ಮನೆಯಿಂದ ಯಾರು ಹೊರಬಿದ್ದರೂ ಕಾಕಾ ಬಾಗಿಲಿಗೆ ಬಂದು "ಸಾವಕಾಶ ಹೋಗು" ಎನ್ನದೆ ಬಿಡುತ್ತಿರಲಿಲ್ಲ. ನಾನು ಕೊಡ ಹಿಡಿದು ನೀರಿಗೆ ಹೊರಟರೂ ಸಾವಕಾಶ, ಮದುಮಗಳು ಗಂಡನ ಮನೆಗೆ ಹೊರಟರೂ ಸಾವಕಾಶ. ಕಳ್ಳ ಬಂದಿದ್ದರೆ ಅವನಿಗೂ ಹೇಳಿಯೇ ಕಳಿಸುತ್ತಿದ್ದರೇನೋ!

ಇಂಥವರ ಮನೆಯ ಹುಡುಗಿ ನಾನು ವಿಮಾನ ಓಡಿಸಲು ಕಲಿಯಹೊರಟೆ. ಲಿಖಿತ ಪರೀಕ್ಷೆಯಲ್ಲೇ ಫೇಲಾದೆ. ನನ್ನನ್ನು ಕೆಡವಿದ್ದು ವೇಗದ ಪಾಠ. ನೆಲದ ಗಾಡಿಗೆ ಒಂದೇ ವೇಗ, ವಿಮಾನಕ್ಕೋ ನಾಲ್ಕು: ಮೀಟರು ತೋರಿಸುವುದು, ಮೀಟರಿನ ತಪ್ಪು ತಿದ್ದಿದ್ದು, ಗಾಳಿಯೊಳಗೆ ನಿಜವಾಗಿ ಹೋಗುವುದು, ನೆಲದ ಮೇಲೆ ಲೆಕ್ಕಕ್ಕೆ ಸಿಗುವುದು. ಎರಡನೆಯದು ಮಾತ್ರ ನನಗೆ ಹುಟ್ಟಿನಿಂದಲೇ ಗೊತ್ತಿತ್ತು. ನಲವತ್ತರ ಮುಳ್ಳಿನ ಮನೆಯವಳಲ್ಲವೇ! ಇನ್ನೊಮ್ಮೆ ಫೇಲಾದರೆ ಕಲಿಕೆ ಬಿಟ್ಟು ಮನೆಗೆ ಬರುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಪುಸ್ತಕ ಹಿಡಿದು ಪಡಸಾಲೆಯಲ್ಲಿ ಅಳುತ್ತಿದ್ದಾಗ ಕಾಕಾ ಬಂದು ಪಕ್ಕದಲ್ಲಿ ಕೂತರು.

"ಯಾಕ ಯವ್ವಾ, ಏನ್ ತಿಳಿವಲ್ದು?"

"ಮ್ಯಾಲ ಹೋದಂಗ ಮೀಟರು ಕಮ್ಮಿ ತೋರಸ್ತದಂತ ಕಾಕಾ. ವಿಮಾನ ಮಾತ್ರ ಖರೇನ ಜೋರ್ ಹೊಂಟಿರ್ತದ. ಮೀಟರು ಗಾಳಿ ಒತ್ತೂದು ನೋಡಿ ಹೇಳ್ತದ, ಮ್ಯಾಲ ಗಾಳಿ ತೆಳ್ಳಗ ಇರ್ತದ."

ಕಾಕಾ ಕಣ್ಣು ಮುಚ್ಚಿ ಯೋಚಿಸಿದರು. "ಸುಲೇಪೇಟ ಸಂತ್ಯಾಗ ನಡದೀ ಇಲ್ಲ? ನಾಕ್ ಹೆಜ್ಜಿ ಇಟ್ರ ಹತ್ತ್ ಧಕ್ಕಾ. ಮರುದಿನ ಅದೇ ಜಾಗಾದಾಗ ಓಡಿದ್ರೂ ಒಂದೆರಡ ಧಕ್ಕಾ. ನಿನ್ನ ಮೀಟರು ಹೆಜ್ಜಿ ಎಣಸಂಗಿಲ್ಲ, ಧಕ್ಕಾ ಎಣಸ್ತದ. ಮ್ಯಾಲ ಸಂತಿ ಇಲ್ಲ, ಅಷ್ಟ."

ಪುಸ್ತಕ ಮೂರು ತಿಂಗಳಲ್ಲಿ ಹೇಳಲಾಗದ್ದು ನಾಲ್ಕು ಮಾತಿನಲ್ಲಿ ತಲೆಗೆ ಹತ್ತಿತು. ನೆಲದ ಮೇಲಿನ ವೇಗಕ್ಕಂತೂ ಚಿತ್ತಾಪುರದ ರಸ್ತೆಗೇ ಕರೆದುಕೊಂಡು ಹೋದರು. ಹೋಗುವಾಗ ಎದುರುಗಾಳಿಗೆ ಸೈಕಲ್ ತುಳಿಸಿದರು, ಬರುವಾಗ ಬೆನ್ನಿಗೆ ಗಾಳಿ. ತಾವು ಗಡಿಯಾರ ಹಿಡಿದು ಕಲ್ಲಿನ ಪಕ್ಕ ನಿಂತರು. ತುಳಿದದ್ದು ಅಷ್ಟೇ, ದಾರಿ ಸವೆದದ್ದು ಬೇರೆ ಬೇರೆ. ಆ ಕಡೆಯ ಸಿಮೆಂಟ್ ಕಾರ್ಖಾನೆಗಳ ಧೂಳಿನಲ್ಲಿ ಬೆಳ್ಳಗಾಗಿ ಮನೆಗೆ ಬಂದಾಗ ಅವ್ವ ನಮ್ಮಿಬ್ಬರನ್ನೂ ಬಾಗಿಲಲ್ಲೇ ತಡೆದು, "ಯಾರು ಬೇಕಾಗಿತ್ರಿ?" ಎಂದು ಕೇಳಿದಳು.

ಎಡವಟ್ಟಾಗಿದ್ದು 'ಸ್ಟಾಲ್ ಸ್ಪೀಡ್' ಎಂಬ ಮಾತಿನಲ್ಲಿ. ನಾನು ಗಟ್ಟಿಯಾಗಿ ಓದಿದ್ದು ಕೇಳಿ ಕಾಕಾನ ಮುಖ ಅರಳಿತು.

"ಅಂದ್ರ ಅವರಿಗೂ ಚಹಾದ ಸ್ಟಾಲ್ ಅದ. ಸ್ಟಾಲ್ ಬಂತಂದ್ರ ಗಾಡಿ ಸಾವಕಾಶ ಮಾಡಬೇಕು. ಭಾಳ ಛಲೋ ರೂಲ್ ಅದ."

ಆಕಾಶದಲ್ಲೂ ಚಹಾಕ್ಕೆ ವಿಮಾನ ನಿಧಾನ ಮಾಡುತ್ತಾರೆಂಬ ಸುದ್ದಿ ಸಂಜೆಯೊಳಗೆ ಪೇಟೆ ತುಂಬ ಹಬ್ಬಿತು. ಚಹಾದಂಗಡಿಯವರು ನನ್ನನ್ನು ನಿಲ್ಲಿಸಿ, "ಮ್ಯಾಲ ಹಾಲು ಯಾರ್ ಹಾಕ್ತಾರ?" ಎಂದು ಕೇಳಿದರು. ಇನ್ನು ಸುಮ್ಮನಿದ್ದರೆ ಆಗದೆಂದು ಮನೆಗೆ ಬಂದು ಕಾಕಾನನ್ನು ತಿದ್ದಲು ಕೂತೆ.

"ಹಂಗಲ್ರಿ ಕಾಕಾ. ಆ ಸ್ಪೀಡ್‌ಕಿಂತ ಸಾವಕಾಶ ಹೋದ್ರ ರೆಕ್ಕಿಗಿ ಗಾಳಿ ಆಸರ ಸಿಗಂಗಿಲ್ಲ. ವಿಮಾನ ಕೆಳಗ ಬೀಳ್ತದ."

"ಸಾವಕಾಶ ಹೋದ್ರ ಬೀಳ್ತದ?"

"ಹೂಂ ಕಾಕಾ."

ಕಾಕಾ ಎದ್ದು ಒಳಗೆ ಹೋದರು. ಎರಡು ದಿನ ಪೇಟೆಯ ಕಡೆ ಸುಳಿಯಲಿಲ್ಲ, ನನ್ನ ಪುಸ್ತಕವನ್ನೂ ಮುಟ್ಟಲಿಲ್ಲ. ಹೊರಟವರಿಗೆ ಹೇಳಲು ಅವರ ಬಳಿ ಇದ್ದದ್ದು ಅದೊಂದೇ ಮಾತು. ಅದನ್ನೇ ನಾನು ಕಿತ್ತುಕೊಂಡಿದ್ದೆ.

ಆ ಪರೀಕ್ಷೆ ಪಾಸಾದೆ. ಆಮೇಲೆ ಒಬ್ಬಳೇ ವಿಮಾನ ಹಾರಿಸಿಯೂ ಬಂದೆ. ಕಾಕಾ ಈಗಲೂ ಬಾಗಿಲಲ್ಲಿ ಉಳಿದ ಎಲ್ಲರಿಗೂ ಸಾವಕಾಶವನ್ನೇ ಹಂಚುತ್ತಾರೆ. ನನಗಂತೂ ವಿಮಾನ ಇಳಿಸುವಾಗ, ವೇಗದ ಮುಳ್ಳು ಕೆಳಗೆ ಸರಿಯತೊಡಗಿದಾಗಲೆಲ್ಲ ಪರೀಕ್ಷೆಗೆ ಹೊರಟ ಆ ಮುಂಜಾನೆಯೇ ನೆನಪಾಗುತ್ತದೆ. ವಾಡಿ ಸ್ಟೇಷನ್ನಿಗೆ ಬಿಡಲು ಅವರೇ ಬಂದಿದ್ದರು. ರೈಲು ಅಲುಗಿತು. ಅಭ್ಯಾಸಬಲದಿಂದ ಅವರ ಬಾಯಲ್ಲಿ "ಸಾ" ಎಂಬಷ್ಟು ಬಂತು, ಅಲ್ಲೇ ನಿಂತಿತು. ಕಿಟಕಿಯ ಸರಳು ಹಿಡಿದುಕೊಂಡು ನಾಲ್ಕು ಹೆಜ್ಜೆ ರೈಲಿನ ಜೊತೆಗೇ ಬಂದರು. ಅಣ್ಣನನ್ನು ಕಳೆದುಕೊಂಡ ಮೇಲೆ ಯಾರಿಗೂ ಹೇಳದ ಮಾತನ್ನು ಅವರು ಅಣ್ಣನ ಮಗಳಿಗೆ ಹೇಳಬೇಕಿತ್ತು.

"ಜೋರ್ ಹೋಗು ಯವ್ವಾ," ಎಂದರು. "ನೀ ಜೋರ್ ಹೋಗು."