ಪೆಟ್ಟಿಗೆ ಗುರುತಿಸಿದ ಜಯಶೀಲಾ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಎಲ್ಲರ ಇಮೇಲ್ ಖಾತೆಗಳ ಉಸ್ತುವಾರಿ ಜಯಶೀಲಾ ಕಲಕೋಟಿಯದು. ಆ ಖಾತೆಗಳಿದ್ದ ಕ್ಲೌಡಿನ ಬಾಗಿಲು ಬರೀ ಪಾಸ್‌ವರ್ಡಿಗೆ ತೆರೆಯುತ್ತಿರಲಿಲ್ಲ. ಪರದೆಯ ಮೇಲೆ ಮೂಡಿದ ಅಂಕಿಯನ್ನು ಫೋನಿನಲ್ಲಿ ಒತ್ತಿ, ಬಂದಿರುವವಳು ತಾನೇ ಎಂದು ರುಜುವಾತು ಮಾಡಬೇಕಿತ್ತು. ಫೋನು ಮಾತ್ರ ಬೇಕಾದಾಗ ಎಂದೂ ಕೈಗೆ ಸಿಗುತ್ತಿರಲಿಲ್ಲ.

ಅವಳ ಪರದಾಟ ನೋಡಲಾರದೆ ಮೈದುನ ಫಕ್ಕೀರೇಶ ಒಂದು ಪೆಟ್ಟಿಗೆ ಮಾಡಿ ತಂದು ಆಫೀಸಿನ ಮೇಜಿನ ಮೇಲಿಟ್ಟ.

"ಇನ್ನ ಫೋನ್ ಬ್ಯಾಡ್ರಿ ವೈನಿ. ಇದು ನಿಮ್ಮ ಮಾರಿ ನೋಡಿ, ದನಿ ಕೇಳಿ, ತಾನ ಅಂಕಿ ಒತ್ತತೈತಿ."

"ಇದರಾಗಿನ ಕ್ಯಾಮೆರಾ ಎಲ್ಲಿಂದ ತಂದಿ?"

"ನಿಮ್ಮ ಫೋನ್ ಬಿಚ್ಚಿದೆ. ಹೆಂಗೂ ಅದು ಬ್ಯಾಡಲ್ರಿ."

ಜಯಶೀಲಾಳ ಬೈಗುಳಕ್ಕೆ ಕಿಟಕಿ ಗಾಜು ನಡುಗಿದವು. ಪೆಟ್ಟಿಗೆ ಅವಳ ಗುರುತು ಕಲಿಯುತ್ತಿದ್ದದ್ದೂ ಅದೇ ಹೊತ್ತಿಗೆ. "ಬರ್ರಿ, ಜಯಶೀಲಾ" ಎಂದು ಬಾಗಿಲು ತೆರೆಯಿತು. ಫಕ್ಕೀರೇಶ ಮೀಸೆ ತಿರುವಿದ.

ಮರುದಿನ ಅವಳು ಚಹಾ ಹೀರುತ್ತ, "ತೆರಿಯಪ್ಪಾ" ಎಂದಳು.

"ನೀವು ಜಯಶೀಲಾ ಅಲ್ಲ" ಎಂದಿತು ಪೆಟ್ಟಿಗೆ.

ಅಷ್ಟರಲ್ಲಿ ಮ್ಯಾನೇಜರ್ ಪುಂಡಲೀಕಪ್ಪ ಏದುಸಿರು ಬಿಡುತ್ತ ಬಂದ. "ಮೇಡಂ, ಮಾರಾಟ ವಿಭಾಗದ ಖಾತೆಯೊಳಗ ಯಾವನೋ ಕಳ್ಳ ಹೊಕ್ಕಾನ. ಬೀಜ ಹುರಿದು ಬಿತ್ರಿ ಅಂತ ರೈತರಿಗೆ ಬರಿಯಾಕತ್ತಾನ. ಲಗೂ ಹೊರಗ ಹಾಕ್ರಿ."

ಹೆದರಿಕೆಯಲ್ಲಿ ಅವಳ ದನಿ ಇನ್ನಷ್ಟು ಮೆತ್ತಗಾಯಿತು. ಸುಳ್ಳು ಸಿಟ್ಟು ಮಾಡಿ ಕೂಗಿದಳು. "ನಾಟಕ ಬ್ಯಾಡ್ರಿ" ಎಂದಿತು ಪೆಟ್ಟಿಗೆ.

ಫಕ್ಕೀರೇಶನನ್ನು ಕರೆಸಿದರು. ಪೆಟ್ಟಿಗೆ ಸಿಟ್ಟಿನ ವೈನಿಯನ್ನಷ್ಟೇ ಕಲಿತಿದೆ ಎಂಬುದು ಅವನಿಗೆ ಕೂಡಲೇ ಹೊಳೆಯಿತು.

"ವೈನಿ, ನಿಮ್ಮ ರೊಟ್ಟಿ ದಪ್ಪ ಇರ್ತಾವ."

"ಹೌದೋ ತಮ್ಮಾ, ನನಗೂ ಗೊತ್ತೈತಿ" ಎಂದು ಅವಳು ಕಣ್ಣೀರು ತಂದುಕೊಂಡಳು.

ಬೇರೆ ದಾರಿ ಕಾಣದೆ ಅವನು ಅವಳ ಕುರ್ಚಿ ಪಕ್ಕಕ್ಕೆ ಸರಿಸಿ ಕೀಬೋರ್ಡಿಗೆ ಕೈ ಹಾಕಿದ. "ಅತ್ತಾಗ ಸರೀರಿ. ಇದೆಲ್ಲ ನಿಮಗ ತಿಳಿಯೂದಿಲ್ಲ."

"ತಗಿ ಕೈ!"

"ಬರ್ರಿ, ಜಯಶೀಲಾ" ಎಂದಿತು ಪೆಟ್ಟಿಗೆ.

ಅವಳು ಕಳ್ಳನನ್ನು ಹೊರದಬ್ಬಿ, ಪಾಸ್‌ವರ್ಡ್ ಬದಲಿಸಿ, ಬಿತ್ತನೆಗೆ ಬೀಜ ಹುರಿಯಬೇಡಿರೆಂದು ರೈತರಿಗೆಲ್ಲ ಬರೆದಳು. ಆಮೇಲೆ ಬೆವರೊರೆಸಿಕೊಂಡು ಪೆಟ್ಟಿಗೆಯ ತಲೆ ಸವರಿದಳು. "ಶಾಣ್ಯಾ ಇದ್ದಿ ನೋಡಪ್ಪಾ."

ಪೆಟ್ಟಿಗೆ ಕೆಂಪಗೆ ಮಿನುಗಿತು. ಮರುಕ್ಷಣವೇ ಕಂಪನಿಯ ಎಲ್ಲರಿಗೂ ಇಮೇಲ್ ಹೋಯಿತು: "ಎಚ್ಚರಿಕೆ. ಜಯಶೀಲಾ ಅವರ ಕುರ್ಚಿಯಲ್ಲಿ ನಯವಾಗಿ ಮಾತನಾಡುವ ಅಪರಿಚಿತ ಹೆಂಗಸೊಬ್ಬಳು ಕೂತಿದ್ದಾಳೆ."

ಅವಳ ಮಗ್ಗುಲಲ್ಲೇ ನಿಂತಿದ್ದ ಪುಂಡಲೀಕಪ್ಪ ಅದನ್ನು ಓದಿದ. ಅವಳ ಮುಖವನ್ನೊಮ್ಮೆ ದಿಟ್ಟಿಸಿದ.

"ತಪ್ಪ ತಿಳ್ಕೋಬ್ಯಾಡ್ರಿ ಮೇಡಂ. ನಿಮ್ಮ ಗುರುತಿನ ಚೀಟಿ ಒಮ್ಮೆ ತೋರಸ್ರಿ."