ಕೋರ್ಟಿನ ಮಾತು ಮೀರಿದ ಅಜ್ಜಿ, ಜಪ್ತಿಯಾದ ಎಮ್ಮೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ನಾನು ಸರಿಯಾಗಿ ಹೇಳಲಾರೆ. ಇದುವರೆಗೆ ನಾನು ಬರೆದದ್ದೆಲ್ಲ ‘ಆದೇಶ ಮುಟ್ಟಿಸಲಾಯಿತು’, ‘ಮನೆಗೆ ಬೀಗ ಹಾಕಿತ್ತು’, ಇಷ್ಟೇ. ನಾನು ಕೋರ್ಟಿನ ಅಮೀನ. ಅಮೀನನೆಂದರೆ ಕೋರ್ಟಿನ ಆದೇಶವನ್ನು ಮನೆಗೆ ಮುಟ್ಟಿಸುವವನು. ಮೀರಿದರೆ ಹೋಗಿ ಸೊತ್ತು ಜಪ್ತಿ ಮಾಡುವವನು. ಸಂಸಾರದ ವ್ಯಾಜ್ಯಗಳಲ್ಲಿ ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ. ಸರ್ಕಾರಿ ಕೆಲಸದ ಮೇಲೆ ಹೋದವನು ನಗುವ ಹಾಗಿಲ್ಲ, ಅಷ್ಟೇ. ಈಗ ಹೇಳುವುದೆಲ್ಲ ಒಂದೇ ಮೊಕದ್ದಮೆಯದು.

ತೋರಿಸಿದ್ದು

ಅಗ್ರಹಾರ ದಾಸರಹಳ್ಳಿಯಲ್ಲಿ ಒಬ್ಬ ಮಿಲ್ ಕೆಲಸಗಾರ. ಅವನ ಹೆಂಡತಿ ಜಗಳವಾಡಿ, ಪುಟ್ಟ ಮಗಳನ್ನೆತ್ತಿಕೊಂಡು ಮೂಡಲಪಾಳ್ಯದ ತವರಿಗೆ ಹೋಗಿದ್ದಳು. ಜಗಳ ಯಾತಕ್ಕೆಂದು ಗಂಡಹೆಂಡಿರಿಬ್ಬರಿಗೂ ನೆನಪಿರಲಿಲ್ಲ; ಹೆಂಡತಿಯ ತಾಯಿಗೆ ಮಾತ್ರ ಚೆನ್ನಾಗಿ ನೆನಪಿತ್ತು. ಮಗುವಿನ ಮುಖ ಕಾಣದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕೋರ್ಟಿಗೆ ಹೋದ. ‘ಪ್ರತಿ ಭಾನುವಾರ ಮಗುವನ್ನು ತಂದೆಗೆ ತೋರಿಸತಕ್ಕದ್ದು’ ಎಂದು ಆದೇಶವಾಯಿತು.

ಭಾನುವಾರ ಬತ್ತಾಸು ಕಟ್ಟಿಸಿಕೊಂಡು ಹೋದ. ಅಜ್ಜಿ ಬಾಗಿಲು ತೆಗೆಯಲಿಲ್ಲ. ಮಗುವನ್ನು ಕಿಟಕಿಗೆ ಎತ್ತಿ ಹಿಡಿದು, “ನೋಡ್ದಾ?” ಎಂದಳು.

“ನೋಡ್ದೆ ಅತ್ತೆ.”

ಕಿಟಕಿ ಮುಚ್ಚಿತು.

ನಾನು ಹೋಗಿ ಕೇಳಿದೆ. “ತೋರ್ಸು ಅಂತ ತಾನೇ ಬರ್ದಿರೋದು? ಕೊಡು ಅಂತ ಎಲ್ಲೈತೆ, ನೀವೇ ಓದಿ ಸ್ವಾಮಿ” ಎಂದಳು. ನಿಂತಲ್ಲೇ ಎರಡು ಸಲ ಓದಿದೆ. ಎಲ್ಲೂ ಇರಲಿಲ್ಲ.

ನಿಂದನೆ

‘ಮಗುವನ್ನು ತಂದೆಯ ಕೈಗೆ ಕೊಡತಕ್ಕದ್ದು’ ಎಂದು ಆದೇಶವನ್ನು ತಿದ್ದಿದ್ದಾಯಿತು. ಅಜ್ಜಿ ಈಗ ಕಿಟಕಿಯನ್ನೂ ತೆಗೆಯಲಿಲ್ಲ. ಕೋರ್ಟಿಗೆ ಕರೆಸಿದರು. ಅಳಿಯನ ವಕೀಲರು ಎದ್ದು, “ಇದು ನ್ಯಾಯಾಲಯದ ನಿಂದನೆ” ಎಂದರು. ಇಲ್ಲಿ ಒಂದು ಮಾತು: ಕೋರ್ಟಿನ ಭಾಷೆಯಲ್ಲಿ ಆದೇಶ ಮೀರಿದರೂ ನಿಂದನೆಯೇ, ಬಾಯಿಬಿಟ್ಟು ಬೈಯಬೇಕೆಂದಿಲ್ಲ. ಅಜ್ಜಿಗೆ ಇದು ಗೊತ್ತಿರಲಿಲ್ಲ.

“ಸುಳ್ಳು ಬುದ್ಧೀ! ದೇವ್ರಾಣೆ, ಕೋರ್ಟ್ನ ನಾನು ಒಂದ್ ಮಾತೂ ಬೈದಿಲ್ಲ. ಬೈದಿದ್ದೆಲ್ಲ ಅಳಿಯನ್ನ!”

ಜಡ್ಜ್ ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, “ಏನಂತ ಬೈದೆಯಮ್ಮಾ?” ಎಂದು ಕೇಳಿದರು. ಅಜ್ಜಿ ಹೇಳತೊಡಗಿದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಲೇಖನಿ ಕೆಳಗಿಟ್ಟರು.

ಜಪ್ತಿ

ಸೊತ್ತು ಜಪ್ತಿ ಮಾಡಿ ಎಂದಾಯಿತು. ಅಜ್ಜಿಗಿದ್ದ ಸೊತ್ತು ಹಾಲು ಕೊಡುವ ಒಂದು ಎಮ್ಮೆ. ಕುರ್ಚಿಯಾದರೆ ಕೋರ್ಟಿನಲ್ಲೇ ಇಡಬಹುದು. ಎಮ್ಮೆ ಮೇವು ಕೇಳುತ್ತದೆ, ಹಾಗಾಗಿ ನಂಬಿಕಸ್ಥರ ವಶಕ್ಕೆ ಕೊಡಬೇಕು. ಅಜ್ಜಿಯ ಬಾಯಿಗೆ ಹೆದರಿ ಮೂಡಲಪಾಳ್ಯದಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಸಾಹೇಬರ ಅಪ್ಪಣೆ ಪಡೆದು ಅಳಿಯನ ಹಿತ್ತಲಿನಲ್ಲೇ ಕಟ್ಟಿಸಿದೆ.

ಎಮ್ಮೆ ಅವನನ್ನು ಹತ್ತಿರ ಸೇರಿಸಲಿಲ್ಲ. ಒದ್ದು ತಂಬಿಗೆ ನೆಗ್ಗಿಸಿತು. ಕೆಚ್ಚಲು ಬಿಗಿದು ಅರಚುತ್ತಿದೆಯೆಂದು ಕೇಳಿ ಅಜ್ಜಿ ಓಡಿ ಬಂದಳು. ಸೊಂಟದಲ್ಲಿ, ಎಮ್ಮೆಗಾಗಿ ಅಳುತ್ತಿದ್ದ ಮೊಮ್ಮಗಳು. ಹಾಲು ಕರೆಯಲು ಎರಡೂ ಕೈ ಬೇಕಲ್ಲ?

“ಹಿಡ್ಕೋ” ಎಂದು ಮಗುವನ್ನು ಅಳಿಯನ ಕೈಗೆ ಕೊಟ್ಟಳು.

ಆದೇಶ ಪಾಲನೆಯಾಯಿತು. ಅವನು ಮಗುವನ್ನು ಎದೆಗವಚಿಕೊಂಡ. ಬತ್ತಾಸು ಕೊಡುವುದನ್ನೂ ಮರೆತಿದ್ದ.

ದಿನಾ ಅಷ್ಟು ದೂರ ನಡೆದು ಅಜ್ಜಿಗೆ ಮಂಡಿ ನೋವು ಬಂತು. ಮಗುವಿನ ಜೊತೆಗೆ ಮಗಳನ್ನೇ ಕಳಿಸತೊಡಗಿದಳು. ಅಜ್ಜಿ ಚಿಟಿಕೆ ಹೊಡೆಯುವಷ್ಟರಲ್ಲಿ ಹಾಲು ಕರೆದು ಮುಗಿಸುತ್ತಿದ್ದಳು. ಮಗಳು ಕರೆದು ಮುಗಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಬಿಡುಗಡೆ

ಆದೇಶ ಪಾಲನೆಯಾಗುತ್ತಿದೆಯಲ್ಲ, ಎಮ್ಮೆ ಬಿಟ್ಟುಬಿಡಿ ಎಂದರು ಸಾಹೇಬರು. ನಿನ್ನೆ ಆ ಆದೇಶ ಹಿಡಿದು ಮೂಡಲಪಾಳ್ಯಕ್ಕೆ ಹೋದೆ.

“ಬ್ಯಾಡ” ಎಂದಳು ಅಜ್ಜಿ.

“ನಿಮ್ಮ ಎಮ್ಮೆ ಕಣಮ್ಮಾ!”

“ನಂದೇ. ಎಮ್ಮೆ ಇಲ್ಲಿಗೆ ಬಂದ್ರೆ ಹಿಂದೇನೇ ಮಗಳೂ ಬತ್ತಾಳೆ. ಆಮ್ಯಾಕೆ ಯಾವ ನೆಪ ಮಾಡ್ಕಂಡು ಗಂಡನ ಮನೆಗೆ ಹೋಗ್ಲಿ ಅವ್ಳು? ಈ ಆರ್ಡರ್ನೂ ಮೀರ್ತೀನಿ. ಅದೇನ್ ಜಪ್ತಿ ಮಾಡ್ತೀರೋ ಮಾಡ್ಕಳಿ!”

ಮಾಡುವುದಾದರೆ ಎಮ್ಮೆಯನ್ನೇ ಮಾಡಬೇಕು.

ಇಲ್ಲಿನ ತೊಡಕನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆದೇಶ ಮೀರಿದರೆ ಜಪ್ತಿ, ಜಪ್ತಿ ಮಾಡಿದರೆ ಎಮ್ಮೆ ಅಲ್ಲೇ ಇರುತ್ತದೆ, ಅಲ್ಲೇ ಇದ್ದರೆ ಆದೇಶ ಮೀರಿದ ಹಾಗೆ, ಮೀರಿದರೆ... ತಡೆಯಿರಿ, ಜವಾನ ಬಂದು ನಿಂತಿದ್ದಾನೆ.

“ಅಮೀನ್ರೇ, ಸಾಹೇಬ್ರು ಕರೀತಾವ್ರೆ. ಆ ಅಜ್ಜಿ ಮನೆಗೆ ಎಮ್ಮೆ ವಾಪಸ್ ಬಂತಾ ಅಂತ ಕೇಳ್ತಾವ್ರೆ.”

ಬಂದೆ ಅಂತ ಹೇಳಪ್ಪಾ. ಬಂದೆ ಎಂದರೆ ನಾನು ಬಂದೆ ಅಂತ, ಎಮ್ಮೆಯಲ್ಲ; ಎಮ್ಮೆ ಯಾಕೆ ಬರಲಿಲ್ಲವೆಂದರೆ, ಕಾನೂನಿನ ಪ್ರಕಾರ...